ಹೆಡ್‌ವೇ ಮತ್ತು ಅವ್ವನ ಮಂಡಿ

ಹೆಡ್‌ವೇ ಎಂಬ ಇಂಗ್ಲಿಷ್ ಪದವನ್ನು ನಾನು ಹದಿನೇಳು ವರ್ಷ ನಿಜವಾದ ಅರ್ಥ ಗೊತ್ತಿಲ್ಲದೆಯೇ ಬಳಸಿದ್ದೇನೆ. ಇದರಿಂದ ಯಾರಿಗೂ ತೊಂದರೆಯಾದಂತಿಲ್ಲ. ಓದುತ್ತಿದ್ದವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ನನ್ನ ಕೆಲಸವೇ ಅಂಥದ್ದು. ಮೇಲ್ಸೇತುವೆ ಕಟ್ಟುವವರು ಸರಿಯಾಗಿ ಕಟ್ಟುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಚೆನ್ನೈಯ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಎಂಜಿನಿಯರು. ನೋಡುವವರು ಬೇರೆಯವರು, ಅವರು ನೋಡಿದ್ದನ್ನು ತಿಂಗಳಿಗೊಮ್ಮೆ ಪ್ರಗತಿ ವರದಿಯಾಗಿ ಬರೆಯುವವನು ನಾನು. ಕಂಬ ಎದ್ದಿರಲಿ, ಏಳದಿರಲಿ, ವರದಿ ಏಳಲೇಬೇಕು. ಕೆಲಸ ನಡೆದ ತಿಂಗಳಲ್ಲಿ ವಿವರ ಬರೆಯುತ್ತೇನೆ. ನಡೆಯದ ತಿಂಗಳಲ್ಲಿ ‘ಗುಡ್ ಹೆಡ್‌ವೇ ಹ್ಯಾಸ್ ಬೀನ್ ಮೇಡ್’ ಎಂದು ಬರೆಯುತ್ತೇನೆ. ಈ ವಾಕ್ಯದಲ್ಲಿ ಯಾರು ಮಾಡಿದರು, ಎಷ್ಟು ಮಾಡಿದರು, ಎಲ್ಲಿಗೆ ಮುಟ್ಟಿದರು ಎಂದು ಕೇಳಲು ಜಾಗವೇ ಇಲ್ಲ. ಇದನ್ನೇ ಕನ್ನಡದಲ್ಲಿ ‘ಉತ್ತಮ ಮುನ್ನಡೆ ಸಾಧಿಸಲಾಗಿದೆ’ ಎಂದು ಬರೆದರೆ, ಏನೂ ಆಗಿಲ್ಲವೆಂಬುದು ಓದಿದ ತಕ್ಷಣ ಗೊತ್ತಾಗಿಬಿಡುತ್ತದೆ. ನಮ್ಮ ಭಾಷೆಗೆ ಇನ್ನೂ ಅಷ್ಟು ನಾಜೂಕು ಬಂದಿಲ್ಲ.

ಒಮ್ಮೆ ಮಾತ್ರ ಸಿಕ್ಕಿಬಿದ್ದೆ. ಸೇತುವೆ ಕಟ್ಟುವವರ ಭಾಷೆಯಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಕೆಳಗೆ ಹೋಗುವ ಲಾರಿಯ ತಲೆ ತಾಗದ ಹಾಗೆ ರಸ್ತೆಗೂ ಸೇತುವೆಯ ಹೊಟ್ಟೆಗೂ ನಡುವೆ ಬಿಡುವ ಎತ್ತರ ಅದು. ಆ ಅರ್ಥದಲ್ಲಿ ನಾನು, ಈಗ ಹೆಡ್‌ವೇ ಐದೂವರೆ ಮೀಟರ್ ಇದೆ ಎಂದು ಬರೆದಿದ್ದೆ. ವರದಿ ಓದಿದ ಅಧಿಕಾರಿ ಫೋನ್ ಮಾಡಿ, ಇಡೀ ತಿಂಗಳಲ್ಲಿ ಕೆಲಸ ಬರೀ ಐದೂವರೆ ಮೀಟರ್ ಮುಂದೆ ಹೋಗಿದೆಯೇ ಎಂದು ಗದರಿದರು. ನಾನು ಬಿಡಿಸಿ ಹೇಳಿದೆ. ಅವರು ಸಮಾಧಾನಗೊಂಡು, ‘ಹಾಗಾದರೆ ಮುಂದಿನ ತಿಂಗಳು ಎಷ್ಟಾಗುತ್ತದೆ?’ ಎಂದರು. ಐದೂವರೆಯೇ ಇರುತ್ತದೆ, ಅದು ಬೆಳೆಯುವಂಥದ್ದಲ್ಲ ಎಂದೆ. ಅವರಿಗೆ ಬೇಸರವಾಯಿತು.

ಆಫೀಸಿನಲ್ಲೇ ಇದ್ದಿದ್ದರೆ ಈ ಪದದ ಮೇಲೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಕಳೆದ ವರ್ಷ ಅದು ಅವ್ವನ ಮಂಡಿಯ ಹಿಂದೆ ನಮ್ಮ ಮನೆಗೇ ಬಂತು.

ಅವ್ವನ ಹೆಸರು ಪುಟ್ಟತಾಯಮ್ಮ. ವಯಸ್ಸು ಎಪ್ಪತ್ತೊಂದು. ಮದ್ದೂರಿನಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ಇರುವವಳು. ಬಲಗಾಲಿನ ಮಂಡಿ ಸವೆದು ಬದಲಾಯಿಸಬೇಕೆಂದಾಗ, ಆಸ್ಪತ್ರೆಗಳು ಹತ್ತಿರವಿವೆಯೆಂದು ಚೆನ್ನೈಯ ಪೋರೂರಿನಲ್ಲಿರುವ ನಮ್ಮ ಮನೆಗೆ ಕರೆತಂದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಹೊಸ ಮಂಡಿ ಎಲ್ಲ ರೀತಿಯಲ್ಲೂ ಸರಿಯಿತ್ತು, ಬಗ್ಗುತ್ತಿರಲಿಲ್ಲ ಅಷ್ಟೇ. ಎರಡು ತಿಂಗಳು ವ್ಯಾಯಾಮ ಮಾಡಿಸಿದರೂ ಕುರ್ಚಿಯಲ್ಲಿ ಕೂತಾಗ ಕಾಲು ಕೋವಿಯ ಹಾಗೆ ಎದುರಿಗೆ ಚಾಚಿರುತ್ತಿತ್ತು.

ಡಾಕ್ಟರು ಮೂರು ವಾರದ ಗಡುವು ಕೊಟ್ಟರು. ಅಷ್ಟರಲ್ಲಿ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ತಾವೇ ಬಲವಂತವಾಗಿ ಮಡಿಸಬೇಕಾಗುತ್ತದೆ ಎಂದರು. ಅದಕ್ಕೂ ಮೊದಲು ಒಂದು ದಾರಿಯಿದೆ, ಎದೆಮಟ್ಟದ ನೀರಿನಲ್ಲಿ ದಿನಾ ಅರ್ಧ ಗಂಟೆ ನಡೆಸಿ ನೋಡಿ ಎಂದೂ ಹೇಳಿದರು.

ನಾನು ಕನ್ನಡದಲ್ಲಿ ವಿವರಿಸಿದಾಗ ಅವ್ವ, ‘ಬೇಕಾದ್ರೆ ಮಂಡಿ ಮುರೀಲಿ. ನೀರ್ಗೆ ಮಾತ್ರ ಇಳಿಯಾಕಿಲ್ಲ’ ಎಂದಳು.

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ವಂಶಕ್ಕೆ ನೀರು ಆಗದು ಎಂದು ಅವಳು ನನಗೆ ಹೇಳಿದ್ದು ನನ್ನ ನಾಲ್ಕನೆಯದೋ ಐದನೆಯದೋ ವಯಸ್ಸಿನಲ್ಲಿ. ನಮ್ಮೂರ ನಾಲೆಯಲ್ಲಿ ಓರಗೆಯವರೆಲ್ಲ ಮುಳುಗೇಳುತ್ತಿದ್ದರೆ ನಾನೂ ಅಣ್ಣನೂ ಏರಿಯ ಮೇಲೆ ಅವರ ಚಡ್ಡಿಗಳಿಗೆ ಕಾವಲಿರುತ್ತಿದ್ದೆವು. ಇದು ನನಗೆ ಅವಮಾನವೆನಿಸಿರಲಿಲ್ಲ. ಕೆಲವರ ವಂಶಕ್ಕೆ ಬದನೆಕಾಯಿ ಆಗುವುದಿಲ್ಲ, ನಮಗೆ ನೀರು. ಮಹಾಬಲಿಪುರದ ಸಮುದ್ರದ ಎದುರು ಪ್ಯಾಂಟು ಮಡಿಸದೆ ನಿಂತಿದ್ದಾಗಲೂ ಸಹೋದ್ಯೋಗಿಗಳಿಗೆ ಇದೇ ಕಾರಣ ಕೊಟ್ಟಿದ್ದೇನೆ. ಹನ್ನೊಂದು ವರ್ಷದ ನನ್ನ ಮಗಳು ಅನನ್ಯ ಈಜಿನ ತರಗತಿಗೆ ಸೇರುತ್ತೇನೆಂದು ಹಟ ಮಾಡಿದಾಗಲೂ ಇದನ್ನೇ ಹೇಳಿದ್ದೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಅತ್ತಿದ್ದಳು. ಈಗ ಡಾಕ್ಟರಿಗೂ ವಂಶದ ವಿಷಯ ತಿಳಿಸಿದೆ. ಅವರು ಚೀಟಿಯ ಮೇಲೆ ಏನೋ ಬರೆದುಕೊಂಡರು. ನೋಡಿದರೆ ಅದು ನಾವು ಹೋಗಬೇಕಾದ ಕೊಳದ ವಿಳಾಸ.

ಅವ್ವನನ್ನು ಒಪ್ಪಿಸಿದವಳು ನನ್ನ ಹೆಂಡತಿ ರೇಖಾ. ‘ಅತ್ತೆ, ಬಲವಂತವಾಗಿ ಮಡಿಸಿದ್ರೆ ಮತ್ತೆ ಎರಡು ತಿಂಗಳು ಇಲ್ಲೇ ಇರಬೇಕಾಗುತ್ತೆ’ ಎಂದಳು. ಭಾಷೆ ಬಾರದ ಊರಿನಲ್ಲಿ ಬಾಲ್ಕನಿಯಿಂದ ಕಾರುಗಳ ತಲೆ ನೋಡುತ್ತ ಕೂತು ಸಾಕಾಗಿದ್ದ ಅವ್ವ ಆ ಕ್ಷಣವೇ ಒಪ್ಪಿದಳು. ತನ್ನ ಮಾತು ಇಷ್ಟು ಬೇಗ ನಾಟಿದ್ದಕ್ಕೆ ರೇಖಾಗೆ ಒಳಗೊಳಗೇ ಬೇಸರವಾಯಿತು.

ಕೊಳಕ್ಕೆ ಸೀರೆಯಲ್ಲಿ ಇಳಿಯುವ ಹಾಗಿಲ್ಲವಾದ್ದರಿಂದ ಟಿ. ನಗರಕ್ಕೆ ಹೋದೆವು. ಐದು ಅಂತಸ್ತು ಸೀರೆಯಿರುವ ಅಂಗಡಿಯ ಒಂದು ಮೂಲೆಯಲ್ಲಿ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ಕಡುನೀಲಿ ಈಜುಡುಗೆ ಸಿಕ್ಕಿತು. ಅವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಸರ್ಕಸ್ನೋರ ಬಟ್ಟೆ ಕಣವ್ವ ಇದು’ ಎಂದಳು. ರೇಖಾ ಬೇರೆ ಬಣ್ಣ ತೆಗೆಸಲೇ ಎಂದು ಕೇಳಿದಾಗ ಮಾತ್ರ, ‘ಇದೇ ಇರ್ಲಿ ಬುಡು’ ಎಂದಳು.

ಕೊಳ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಕೀಲು ನೋವಿನವರಿಗೆಂದೇ ಇರುವ ಸಣ್ಣ ಕೊಳ. ಒಂದು ತುದಿಯಲ್ಲಿ ನಾಲ್ಕಡಿ ನೀರು, ಇನ್ನೊಂದು ತುದಿಗೆ ಹೋಗುತ್ತ ಆಳ. ಅದನ್ನು ನಡೆಸುವ ಮಲರ್ ಎಂಬ ತರುಣಿ ಫಿಸಿಯೋಥೆರಪಿ ಓದಿದವಳು. ವಯಸ್ಸಾದವರ ಜೊತೆ ಮನೆಯವರೊಬ್ಬರು ನೀರಿಗೆ ಇಳಿಯಲೇಬೇಕೆಂಬುದು ಅವಳ ನಿಯಮ. ಹೀಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೂ ವಂಶದ ನಿಯಮ ಮುರಿದು ನೀರಿಗಿಳಿದೆ.

ಅವ್ವ ಗೋಡೆಯುದ್ದಕ್ಕೂ ಹಾಕಿದ್ದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಮುಖ ಗೋಡೆಯ ಕಡೆಗೇ. ಒಮ್ಮೆಯೂ ತಿರುಗಿ ನೀರನ್ನು ನೋಡಲಿಲ್ಲ. ನಾಲ್ಕನೆಯ ದಿನ ಮಲರ್ ಮೇಲಿಂದ, ‘ವೆರಿ ಗುಡ್ ಅಮ್ಮಾ, ಮೇಕಿಂಗ್ ಹೆಡ್‌ವೇ!’ ಎಂದಳು.

‘ಎಡ್ವೇ ಅಂದ್ರೆ ಏನ್ಲಾ ಮಂಜ?’

‘ಮುಂದಕ್ಕೆ ಹೋಗ್ತಾ ಇದೀಯ ಅಂತ ಅವ್ವ.’

‘ಎಲ್ಲೋದೆ? ಕಂಬಿ ಇಡ್ಕಂಡು ಇಲ್ಲೇ ನಿಂತಿವ್ನಲ್ಲ!’

ಹದಿನೇಳು ವರ್ಷದಲ್ಲಿ ನನ್ನ ವರದಿಗಳನ್ನು ಯಾರೂ ಇಷ್ಟು ಗಮನವಿಟ್ಟು ಓದಿರಲಿಲ್ಲ.

ಪದದ ನಿಜವಾದ ಅರ್ಥ ತಿಳಿಸಿದವರು ಅಲ್ಲಿಗೇ ಭುಜದ ನೋವಿಗೆ ಬರುತ್ತಿದ್ದ ಶ್ರೀನಿವಾಸ ರಾಯರು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವ ಮನೆತನದವರು. ಹಡಗಿನಲ್ಲಿ ಎಂಜಿನಿಯರಾಗಿ ಲೋಕವೆಲ್ಲ ಸುತ್ತಿ ನಿವೃತ್ತರಾದವರು. ಅವರ ಕನ್ನಡದಲ್ಲಿ ತಮಿಳು, ತಿಳಿಸಾರಿನಲ್ಲಿ ಬೇಳೆಯಿದ್ದಷ್ಟು ಇರುತ್ತದೆ. ಕಲಕಿದರೆ ಮೇಲೆ ಬರುತ್ತದೆ.

‘ಅದು ಹಡಗಿನ ಮಾತು ಪಾ,’ ಎಂದರು. ‘ಮುಂದೆ ಹೋದ್ರೆ ಹೆಡ್‌ವೇ. ಹಿಂದೆ ಹೋದ್ರೆ ಸ್ಟರ್ನ್‌ವೇ. ಗಾಳಿ ಪಕ್ಕಕ್ಕೆ ತಳ್ಳಿದ್ರೆ ಲೀವೇ. ಅಷ್ಟೇದಾನ್.’

ಅಷ್ಟಕ್ಕೇ ಬಿಡದೆ ಇನ್ನೊಂದು ಸೂಕ್ಷ್ಮವನ್ನೂ ಹೇಳಿದರು. ಹೆಡ್‌ವೇ ಎಣಿಸುವುದು ನೀರಿನ ಲೆಕ್ಕದಲ್ಲಂತೆ, ದಡದ ಲೆಕ್ಕದಲ್ಲಲ್ಲ. ಎದುರಿನಿಂದ ಪ್ರವಾಹ ಬಲವಾಗಿದ್ದರೆ ಹಡಗು ದಿನವಿಡೀ ನೀರನ್ನು ಸೀಳಿಕೊಂಡು ಮುಂದೆ ಹೋಗುತ್ತಲೇ ಇರುತ್ತದೆ. ದಡದ ದೀಪಸ್ತಂಭ ಮಾತ್ರ ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ನಿಂತಲ್ಲೇ ನಿಲ್ಲುವುದಕ್ಕೂ ಎಂಜಿನ್ ಅಷ್ಟೇ ಓಡಬೇಕು. ಇದನ್ನು ಕೇಳಿ ನನ್ನ ಮನಸ್ಸು ಹಗುರಾಯಿತು. ಅಷ್ಟು ವರ್ಷ ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಓದುವವರು ದಡದಲ್ಲಿ ನಿಂತಿದ್ದರು, ಅಷ್ಟೇ.

ನಾನು ನೀರಿನಲ್ಲಿ ಕೈಕಟ್ಟಿ ನಿಂತಿರುವುದನ್ನು ನೋಡಲಾರದೆ ಮಲರ್ ನನ್ನ ಕೈಗೂ ಒಂದು ತೇಲುವ ಹಲಗೆ ಕೊಟ್ಟಳು. ಅದನ್ನು ಮುಂದೆ ಚಾಚಿ ಹಿಡಿದು, ಮಲಗಿ, ಕಾಲು ಬಡಿಯಬೇಕು. ಬಡಿದೆ. ಕೊಳದ ಅರ್ಧ ನೀರು ಹೊರಗೆ ಹೋಗುವಷ್ಟು ಬಡಿದೆ. ಕಣ್ಣು ಬಿಟ್ಟಾಗ ಎದುರಿನ ಗೋಡೆ ಮೊದಲಿಗಿಂತ ದೂರವಿತ್ತು. ನಾನು ಹಿಂದಕ್ಕೆ ಹೋಗುತ್ತಿದ್ದೆ. ಇದು ತಮಾಷೆಯಲ್ಲ, ಪಾದದ ಕೀಲು ಬಿಗಿಯಿದ್ದವರಿಗೆ ಹೀಗಾಗುತ್ತದಂತೆ, ಮಲರ್ ಹೇಳಿದಳು. ರಾಯರು ದಡದಲ್ಲಿ ಕೂತು ಕೆಲಹೊತ್ತು ಪರೀಕ್ಷಿಸಿ, ‘ಸ್ಟರ್ನ್‌ವೇದಾನ್. ಸಂಶಯವೇ ಬೇಡ’ ಎಂದು ತೀರ್ಪು ಕೊಟ್ಟರು.

ಅವ್ವ ಮಾತ್ರ ನಾನು ಹಲಗೆ ಹಿಡಿದಾಗಲೆಲ್ಲ ನಡೆಯುವುದನ್ನು ನಿಲ್ಲಿಸುತ್ತಿದ್ದಳು. ಕಂಬಿ ಬಿಡದೆ ಕತ್ತು ಮಾತ್ರ ತಿರುಗಿಸಿ, ‘ಸಾಕು ಬಾರ್ಲಾ ಇತ್ಲಾಗೆ’ ಎನ್ನುತ್ತಿದ್ದಳು. ಎರಡನೆಯ ವಾರ ಮುಗಿಯುತ್ತ ಬಂದರೂ ಅವಳ ಮಂಡಿ ಅಷ್ಟೇನೂ ಬಗ್ಗಿರಲಿಲ್ಲ. ಮೈಯನ್ನೆಲ್ಲ ಬಿಗಿ ಹಿಡಿದು ನಡೆದರೆ ಹೇಗೆ ಬಗ್ಗೀತು ಎಂದು ಮಲರ್ ನನ್ನ ಹತ್ತಿರ ಬೇಸರಪಟ್ಟಳು. ಗಡುವಿಗೆ ಇನ್ನು ಎಂಟು ದಿನವಿತ್ತು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಹಲಗೆ ಹಿಡಿದು ಕಾಲು ಬಡಿಯುತ್ತ ಹಿಂದಕ್ಕೆ ಹೋಗುತ್ತಿದ್ದೆ. ಮಲರ್ ಬಾಗಿಲ ಬಳಿ ಯಾರೊಂದಿಗೋ ಮಾತಾಡುತ್ತಿದ್ದಳು. ರಾಯರು ಮೈ ಒರೆಸಿಕೊಳ್ಳುತ್ತಿದ್ದರು. ಎಷ್ಟು ಹಿಂದೆ ಬಂದಿದ್ದೇನೆಂದು ನನಗೆ ತಿಳಿಯಲಿಲ್ಲ. ಕಾಲು ಸೋತು ನಿಲ್ಲೋಣವೆಂದು ಹಲಗೆ ಬಿಟ್ಟೆ. ನೆಲವಿರಲಿಲ್ಲ. ಅಲ್ಲಿ ಆಳ ಐದಡಿ ಎಂಟಂಗುಲ ಎಂದು ಗೋಡೆಯ ಮೇಲೆ ಬರೆದಿತ್ತು. ನಾನು ಐದಡಿ ನಾಲ್ಕಂಗುಲ. ಸಾಯಲು ನಾಲ್ಕಂಗುಲ ಸಾಕು.

ಮೂಗು, ಬಾಯಿ, ಕಿವಿ ಎಲ್ಲ ಕಡೆಯಿಂದ ನೀರು ನುಗ್ಗಿತು. ಕೂಗಲು ಬಾಯಿ ತೆರೆದರೆ ಇನ್ನಷ್ಟು ನೀರು. ಮೇಲೆ ಹಸಿರು ಬೆಳಕು ಅಲ್ಲಾಡುತ್ತಿತ್ತು. ಆಗ ಯಾರೋ ಬೆನ್ನ ಹಿಂದಿನಿಂದ ನನ್ನ ಅಂಗಿಯ ಕೊರಳಪಟ್ಟಿಗೆ ಕೈಹಾಕಿ ಬಲವಾಗಿ ಎಳೆದರು. ಎಳೆದು, ತಲೆ ಮೇಲೆತ್ತಿ, ದಡದವರೆಗೂ ಬಿಡದೆ ಒಯ್ದರು. ಕೆಮ್ಮುತ್ತ ಕಂಬಿ ಹಿಡಿದು ತಿರುಗಿ ನೋಡಿದರೆ ಅವ್ವ.

ಕಂಬಿಗೂ ನನಗೂ ನಡುವೆ ಕೊಳದ ಅಷ್ಟೂ ಅಗಲವಿತ್ತು. ಅದನ್ನು ಅವಳು ಈಜಿ ಬಂದಿದ್ದಳು. ತಲೆ ನೀರಿನ ಮೇಲಿಟ್ಟು, ಕಪ್ಪೆಯ ಹಾಗೆ ಎರಡೂ ಕಾಲು ಮಡಿಸಿ ಮಡಿಸಿ ಚಾಚುತ್ತ, ನಾಲ್ಕೇ ನಾಲ್ಕು ಸಲಕ್ಕೆ ಬಂದುಬಿಟ್ಟರೆಂದು ರಾಯರು ಆಮೇಲೆ ಹೇಳಿದರು. ಆಗ ಮಾತ್ರ ಅವರು ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಓಡಿ ಬಂದ ಮಲರ್, ಅಮ್ಮಾ ನಿಮಗೆ ಈಜು ಬರುತ್ತದಾ ಎಂದು ತಮಿಳಿನಲ್ಲಿ ಕೇಳಿದಳು. ಅವ್ವ ನನ್ನ ಬೆನ್ನಿಗೆ ಪಟಪಟನೆ ನಾಲ್ಕು ಬಾರಿಸಿದಳು. ‘ಯಾಕ್ಲಾ ಅತ್ಲಾಗೆ ಓದೆ? ಯಾಕ್ಲಾ ಓದೆ?’ ಎನ್ನುತ್ತ, ಕೊರಳಪಟ್ಟಿ ಹಿಡಿದಿದ್ದ ಇನ್ನೊಂದು ಕೈಯನ್ನು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಮಲರ್ ಬಿಡಿಸಬೇಕಾಯಿತು.

ಮಧ್ಯಾಹ್ನ ಅವ್ವ ಊಟದ ಮೇಜಿನ ಮೇಲೆ ನುಗ್ಗೆಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದಳು. ನಾನು ಆಫೀಸಿಗೆ ರಜೆ ಹೇಳಿ ಎದುರಿಗೆ ಕೂತೆ.

‘ನಿಂಗೆ ಈಜು ಬರುತ್ತಾ ಅವ್ವ?’

‘ಬತ್ತಿತ್ತು.’

‘ವಂಶಕ್ಕೆ ನೀರಾಗಲ್ಲ ಅಂದಿದ್ದೆ?’

‘ಅಂದಿದ್ದೆ.’ ಒಂದು ಕಡ್ಡಿಯ ಸೊಪ್ಪು ಬಿಡಿಸಿಯಾದ ಮೇಲೆ ಹೇಳಿದಳು: ‘ನಿಮ್ಮ ಚಿಕ್ಕಣ್ಣಮಾವುಂಗೆ ಕಾಮಾಲೆ ಆಗಿರ್ಲಿಲ್ಲ ಕಣ್ಲಾ.’

ಚಿಕ್ಕಣ್ಣಮಾವ ಅವ್ವನ ತಮ್ಮ. ನನಗೆ ಎರಡು ವರ್ಷವಾಗಿದ್ದಾಗ ತೀರಿಕೊಂಡವನು. ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ನಾನು ಕಂಡಿದ್ದವನು. ಕಾಮಾಲೆಯಾಗಿತ್ತೆಂದೇ ಮನೆಯಲ್ಲಿ ಹೇಳುತ್ತಿದ್ದರು. ಅಕ್ಕ, ತಮ್ಮ ಇಬ್ಬರೂ ತವರೂರ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತ ಒಟ್ಟಿಗೇ ಈಜು ಕಲಿತವರಂತೆ. ಅವ್ವನ ಮದುವೆಯಾದ ಮೇಲೆ ಅವನು ನೋಡಲು ಬಂದಾಗ, ನಾಲೆಯಲ್ಲಿ ನೀರು ಜೋರಾಗಿದ್ದ ದಿನ, ಆಚೆ ದಡ ಮುಟ್ಟಿ ಬರುತ್ತೇನೆಂದು ಧುಮುಕಿದ. ಅವ್ವ ಬಟ್ಟೆ ಒಗೆಯುತ್ತಿದ್ದಳು.

‘ನಾನೂ ಬಿದ್ದೆ. ಅಂಗಿ ಕೈಗೆ ಸಿಕ್ತು. ಅಂಗಿ ಮಾತ್ರ ಸಿಕ್ತು.’

ಇಷ್ಟನ್ನು ಹೇಳಿ ಅವಳು ಸೊಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನು ಸುಮ್ಮನಿರಬೇಕಿತ್ತು. ಆದರೆ ನನಗೆ ಆಗ ಬಂದದ್ದು ಸಿಟ್ಟು. ಸತ್ತ ಸೋದರಮಾವನಿಗಾಗಿ ಅಲ್ಲ, ಏರಿಯ ಮೇಲೆ ಚಡ್ಡಿ ಕಾದ ನನಗಾಗಿ. ನಮಗಾದರೂ ಕಲಿಸಿದ್ದರೆ ಇವತ್ತು ನಾನು ಮುಳುಗುತ್ತಿರಲಿಲ್ಲವಲ್ಲ ಎಂದೆ.

‘ಅವುಂಗೆ ಈಜು ಬತ್ತಿತ್ತು ಕಣ್ಲಾ,’ ಎಂದಳು ಅವ್ವ. ‘ಬತ್ತಿತ್ತು ಅಂತ್ಲೇ ಇಳ್ದ.’

ಇಬ್ಬರು ಗಂಡುಮಕ್ಕಳನ್ನು ನಾಲೆಯ ಪಕ್ಕದಲ್ಲಿ ಬೆಳೆಸಬೇಕಾಗಿದ್ದ ಇಪ್ಪತ್ತೈದರ ಹೆಂಗಸು, ತನಗೆ ಗೊತ್ತಿದ್ದ ಒಂದು ವಿದ್ಯೆಯನ್ನು ಗೊತ್ತಿಲ್ಲವೆಂದು ಹೇಳಿ, ಅದನ್ನು ಎಲ್ಲರೂ ನಂಬಲೆಂದು ವಂಶವನ್ನೇ ಸೇರಿಸಿ, ನಲವತ್ತಾರು ವರ್ಷ ನಿಭಾಯಿಸಿದ್ದಳು. ಅದರ ಎದುರು ನನ್ನ ಹದಿನೇಳು ವರ್ಷದ ವರದಿಗಳು ಯಾವ ಲೆಕ್ಕ!

ಮರುದಿನ ಅವ್ವ ಕೊಳಕ್ಕೆ ಬರುವಳೋ ಇಲ್ಲವೋ ಎಂದು ನಾನೂ ರೇಖಾಳೂ ಪಿಸುಗುಟ್ಟುತ್ತಿರುವಾಗ, ಅವಳು ಸರ್ಕಸ್ಸಿನ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ನೀರಿಗಿಳಿದವಳು ಗೋಡೆಗೆ ಬೆನ್ನು ಮಾಡಿ ನಿಂತು ಕೊಳವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಅಡ್ಡಕ್ಕೆ ಈಜಿ ಹೋದಳು. ಉಸಿರು ತಕ್ಕೊಂಡು ವಾಪಸು ಬಂದಳು. ಪ್ರತಿ ಸಲ ಕಾಲು ಚಾಚುವ ಮೊದಲು ಮಂಡಿ ಮಡಿಸಲೇಬೇಕಲ್ಲ! ನೀರಿನಲ್ಲಿ ತನಗೆ ಬಗ್ಗಲು ಬಾರದೆಂಬುದು ನೆನಪಾಗದೆ ಅದು ಬಗ್ಗುತ್ತಿತ್ತು. ಗಡುವಿನ ದಿನ ಡಾಕ್ಟರು ಅಳೆದು ನೋಡಿ, ಇನ್ನು ಬಲವಂತ ಬೇಕಿಲ್ಲವೆಂದರು. ಯಾವ ವ್ಯಾಯಾಮ ಮಾಡಿಸಿದಿರಿ ಎಂದು ಕೇಳಿದರು. ನಾನು ಮುಳುಗಿದೆ ಎಂದೆ.

ಊರಿಗೆ ಹೋಗುವ ಮಾತನ್ನು ಅವ್ವ ಈಗ ದಿನಾ ಎತ್ತುವುದಿಲ್ಲ. ಮಂಡಿ ನೋವಿನ ಮೂವರು ತಮಿಳು ಹೆಂಗಸರು ಅವಳಿಗೆ ಗೆಳತಿಯರಾಗಿದ್ದಾರೆ. ಯಾರ ಮಾತು ಯಾರಿಗೆ ಎಷ್ಟು ತಿಳಿಯುತ್ತದೋ ಗೊತ್ತಿಲ್ಲ. ಸೊಸೆಯರ ವಿಷಯ ಪೂರ್ತಿ ತಿಳಿಯುತ್ತದೆಂದು ರೇಖಾಳ ಊಹೆ. ಅನನ್ಯಳನ್ನು ಈಜಿನ ತರಗತಿಗೆ ಸೇರಿಸಿದ್ದೇವೆ. ಅವಳು ಅಜ್ಜಿಯಿಂದ ಕಪ್ಪೆ ಈಜನ್ನೂ, ಅದರ ಜೊತೆಗೆ ‘ಯಾಕ್ಲಾ’ ಎಂಬ ಪದವನ್ನೂ ಕಲಿತು ಎರಡನ್ನೂ ಎಲ್ಲ ಕಡೆ ಬಳಸುತ್ತಿದ್ದಾಳೆ. ಯಾರಾದರೂ ಕೊಳದ ಆಳದ ತುದಿಗೆ ಹೋದರೆ ಅವ್ವ ಈಗಲೂ ಮಾತು ನಿಲ್ಲಿಸುತ್ತಾಳೆ. ಅದು ಹೋಗುವುದಿಲ್ಲ ಎಂದು ಕಾಣುತ್ತದೆ.

ನನಗೆ ಕಲಿಸುವ ಭಾರವನ್ನೂ ಅವಳೇ ತೆಗೆದುಕೊಂಡಿದ್ದಾಳೆ. ಮೊದಲ ದಿನ ಹಲಗೆಯನ್ನು ಕಸಿದುಕೊಂಡು ದಡಕ್ಕೆ ಎಸೆದಳು. ‘ಕಾಲು ಬಡೀಬ್ಯಾಡ. ಎಲ್ಗೂ ಓಗ್ಬ್ಯಾಡ. ಮುಂದಕ್ಕೆ ಓಗೋದು ಆಮೇಕ್ ನೋಡ್ಕಳನ. ಮೊದ್ಲು ಮುಳುಗ್ದೆ ಇರಾದ್ ಕಲಿ’ ಎಂದು ನೀರಿನ ಮೇಲೆ ಅಂಗಾತ ಮಲಗಿಸಿದಳು. ಬೆನ್ನ ಕೆಳಗೆ ಅವಳ ಅಂಗೈ ಇತ್ತು. ಕಿವಿಯವರೆಗೂ ನೀರು, ಮೇಲೆ ತಗಡಿನ ಛಾವಣಿ, ಅದರ ಸಂದಿಯಲ್ಲಿ ವಿಮಾನವೊಂದು ಇಳಿಯುತ್ತ ಹೋಯಿತು. ಕೆಲಹೊತ್ತಾದ ಮೇಲೆ ಅವ್ವನ ದನಿ ದೂರದಿಂದ ಬಂದ ಹಾಗೆ ಕೇಳಿಸಿತು.

‘ಕೈ ಬುಟ್ಟಿವ್ನಿ ಕಣ್ಲಾ. ನೋಡು, ನೀನೇ ತೇಲ್ತಾ ಇದೀಯೆ.’

ಬಿಟ್ಟಿರಲಿಲ್ಲ. ಬೆನ್ನಿಗೆ ಅವಳ ನಾಲ್ಕು ಬೆರಳು ಸ್ಪಷ್ಟವಾಗಿ ತಿಳಿಯುತ್ತಿದ್ದವು. ನಾನು ಹೂಂ ಅವ್ವ ಎಂದೆ.